ಹುಣ್ಣಿಮೆ ಪೋಸ್ಟರ್‌ನಲ್ಲಿ ಮೊಲ ಬೇಕಾ?

ಚೀನಾದವರ ಎಂಟನೇ ಚಾಂದ್ರಮಾಸದ ಹುಣ್ಣಿಮೆ ಅಂದ್ರೆ ಸುಗ್ಗಿ ಹಬ್ಬ, ಮನೆಮಂದಿ ಒಟ್ಟಿಗೆ ಕೂತು ಚಂದ್ರನನ್ನು ನೋಡುವ ರಾತ್ರಿ. ಈ ಹಬ್ಬಕ್ಕೆ ಅಲ್ಲಿನ ಶಾಲೆ ಮಕ್ಕಳು ಹಳೆಯ ಕವಿತೆಯೊಂದನ್ನು ಕೈಯಲ್ಲೇ ಬರೆದು, ಸುತ್ತ ಚಿತ್ರ ಬಿಡಿಸಿ ಪೋಸ್ಟರ್ ಮಾಡ್ತಾರೆ.

ಸುಲಭದ ಆಯ್ಕೆ, ಲಿ ಬಾಯ್ ಬರೆದ ಬೆಳದಿಂಗಳ ಕವಿತೆ. ಬರೀ 20 ಅಕ್ಷರ, ಉಳಿದ ಜಾಗವೆಲ್ಲ ಚಿತ್ರಕ್ಕೆ. ಆದ್ರೆ ಅದರಲ್ಲಿ ಹಬ್ಬದ ಮಾತೇ ಇಲ್ಲ, ಊರಿನ ನೆನಪಷ್ಟೇ.

ನನಗಿಷ್ಟ, ಸು ಶಿ 1076ರಲ್ಲಿ ಇದೇ ಹಬ್ಬದ ರಾತ್ರಿ ಬರೆದ ಕವಿತೆ. ಸರ್ಕಾರಿ ಕೆಲಸದ ಮೇಲೆ ಮಿಝೌನಲ್ಲಿದ್ದ ಆತ ತಮ್ಮ ಸು ಝೆಯನ್ನು ನೋಡಿ ವರ್ಷಗಳೇ ಆಗಿದ್ದವು. ಇದರಲ್ಲಿ 95 ಅಕ್ಷರ. ಮೊದಲು ಪೆನ್ಸಿಲ್‌ನಲ್ಲಿ ಉದ್ದುದ್ದ ಗೆರೆ ಹಾಕಿ, ಬಲದಿಂದ ಎಡಕ್ಕೆ ಸಾಲು ಜೋಡಿಸಿಕೊಂಡು, ಆಮೇಲೆ ಚಿತ್ರಕ್ಕೆ ಕೈಹಾಕೋದು ಒಳ್ಳೇದು.

ಚಿತ್ರ ಅಂದ್ರೆ ಏನು? ಮೂನ್‌ಕೇಕ್, ಲಾಟೀನು, ನಗೋ ಮೊಲ? (ಚಂದ್ರನಲ್ಲಿ ಮೊಲ ಕಾಣೋದು ನಮಗೂ ಹೊಸದಲ್ಲ ಬಿಡಿ.) ಅಗಲಿಕೆಯ ಕವಿತೆಗೆ ಇವೆಲ್ಲ ತುಂಬಿದ್ರೆ ಅದು ಗ್ರೀಟಿಂಗ್ ಕಾರ್ಡ್ ಆಗತ್ತೆ. ನಾನಾದ್ರೆ ಮೇಲೆ ಒಂದೇ ಚಂದ್ರ ಬಿಡಿಸ್ತೀನಿ. ಕೆಳಗೆ ಒಂದು ಮೂಲೆಯಲ್ಲಿ ಅಣ್ಣ, ಇನ್ನೊಂದು ಮೂಲೆಯಲ್ಲಿ ತಮ್ಮ. ನಡುವಿನ ದೂರದಲ್ಲೇ ಆ 95 ಅಕ್ಷರ.