ಮಂದಗಣ್ಣಿನ ಮಷೀನು

2024ರಲ್ಲಿ ಖಗೋಳ ವಿಜ್ಞಾನದ ಶಾ ಪ್ರಶಸ್ತಿ ಶ್ರೀನಿವಾಸ ಕುಲಕರ್ಣಿ ಅವರಿಗೆ ಬಂತು. ನಮ್ಮಲ್ಲಿ ಹೆಚ್ಚು ಓಡಾಡಿದ ಸುದ್ದಿ ಮಾತ್ರ ಒಂದೇ: ಇವರು ಸುಧಾ ಮೂರ್ತಿಯವರ ತಮ್ಮ. ಹುಬ್ಬಳ್ಳಿಯಲ್ಲಿ ಬೆಳೆದ ಈ ವಿಜ್ಞಾನಿ ಆಕಾಶದಲ್ಲಿ ಕಂಡದ್ದೇನು, ಯಾವುದರಿಂದ ಕಂಡರು ಎಂದು ಕೇಳಿದವರು ಕಡಿಮೆ. ಆ ಸಿಟ್ಟಿಗೇ ಹಳೆಯ ವರದಿಗಳನ್ನು ಕೆದಕಿದೆ. ಸಿಕ್ಕಿದ್ದು, ಬೇಕೆಂದೇ ಮಂದಗಣ್ಣು ಇಟ್ಟು ಮಾಡಿದ ಒಂದು ಯಂತ್ರದ ಕಥೆ.

ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟಕ್ಕೆ ಹೆಸರು ತಂದದ್ದು 200 ಇಂಚಿನ ಹೇಲ್ ದೂರದರ್ಶಕ. ಅದರ ನೆರಳಿನಲ್ಲಿ 1970ರಿಂದ ದುಡಿಯುತ್ತಿರುವುದು 60 ಇಂಚಿನದು. 1995ರಲ್ಲಿ ಕುಲಕರ್ಣಿ ಮತ್ತು ಸಂಗಡಿಗರು ಗ್ಲೀಸೆ 229ಬಿ ಎಂಬ ಕಂದು ಕುಬ್ಜವನ್ನು (ನಕ್ಷತ್ರವಾಗಲಾರದೆ ಉಳಿದ ಕಾಯವನ್ನು) ಪ್ರಕಟಿಸಿದರಲ್ಲ, ಅದು ಮೊದಲು ಸಿಕ್ಕಿದ್ದು ಈ ಚಿಕ್ಕದಕ್ಕೆ. ಅಲ್ಲಿ ಮೀಥೇನ್ ಇದೆಯೆಂದು ಹೇಳಿದ ರೋಹಿತ ಮಾತ್ರ ದೊಡ್ಡಣ್ಣನದು.

2009ರಲ್ಲಿ ಪಕ್ಕದ 48 ಇಂಚಿನದು ಕುಲಕರ್ಣಿಯವರ ಮುಂದಾಳತ್ವದಲ್ಲಿ ಆಕಾಶ ಜಾಲಾಡಲು ಹೊರಟಿತು. ಹೊಸದಾಗಿ ಮಿನುಗುವ ಚುಕ್ಕಿಗಳು ರಾಶಿ ಬಿದ್ದವು. ಯಾವುದು ಏನೆಂದು ಹೇಳಲು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತಲೇಖಿ ಬೇಕು. ದೊಡ್ಡ ದೂರದರ್ಶಕಗಳಲ್ಲಿ ಸರದಿ ಸಿಗುವುದು ಕಷ್ಟ.

ಆಗ ಕುಲಕರ್ಣಿ ತಂಡದವರು ಪ್ರಶ್ನೆಯನ್ನೇ ಚಿಕ್ಕದು ಮಾಡಿದರು: ಇದು ಯಾವ ಜಾತಿಯ ಸ್ಫೋಟ? ಅಷ್ಟು ಗೊತ್ತಾದರೆ ಸಾಕು. ಸೂಪರ್‌ನೋವಾದ, ಅಂದರೆ ಸಿಡಿದ ನಕ್ಷತ್ರದ, ಚೂರುಗಳು ಸಿಡಿಯುವ ವೇಗ ಸೆಕೆಂಡಿಗೆ ಸುಮಾರು 10,000 ಕಿ.ಮೀ. ಆ ರಭಸಕ್ಕೆ ರೋಹಿತದ ಗೆರೆಗಳು ಹಿಗ್ಗಿ ಅಗಲವಾಗುತ್ತವೆ. ಟೈಪ್ 1ಎ ಎಂಬ ಜಾತಿಯದಾದರೆ 6,150 ಆಂಗ್‌ಸ್ಟ್ರಾಮ್ ತರಂಗಾಂತರದ ಹತ್ತಿರ ಸಿಲಿಕಾನ್ ತೋಡಿದ ಹಳ್ಳವೊಂದು ಎದ್ದು ಕಾಣುತ್ತದೆ. ಹಳ್ಳ ಕಾಣಲು ಭೂತಗನ್ನಡಿ ಏಕೆ? ಹಾಗಾಗಿ ನಿಕ್ ಕೊನಿಡಾರಿಸ್ ಮತ್ತು ಜೊತೆಗಾರರು 60 ಇಂಚಿನದಕ್ಕೆಂದು ಕಟ್ಟಿದ ರೋಹಿತಲೇಖಿ, ಎಸ್‌ಇಡಿ ಮಷೀನಿನ ರೆಸಲ್ಯೂಷನ್ ಬರೀ 100. ಅಂದರೆ 6,000 ಆಂಗ್‌ಸ್ಟ್ರಾಮ್‌ನಲ್ಲಿ 60ರ ಅಂತರವನ್ನಷ್ಟೇ ಗುರುತಿಸಬಲ್ಲದು. ಬೆಳಕನ್ನು ತೀರಾ ತೆಳ್ಳಗೆ ಹರಡದ ಕಾರಣ ಮಸುಕು ಚುಕ್ಕಿಗಳೂ 60 ಇಂಚಿನದಕ್ಕೆ ದಕ್ಕಿದವು.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಉಪಾಯ. ಸಾಮಾನ್ಯವಾಗಿ ಚುಕ್ಕಿಯನ್ನು ಸಪೂರ ಸೀಳೊಂದರೊಳಗೆ ಕೂರಿಸಬೇಕು, ಸೂಜಿಗೆ ದಾರ ಪೋಣಿಸಿದ ಹಾಗೆ. ಆಳಿಲ್ಲದೆ ತಾನೇ ತಿರುಗುವ ಹಳೆಯ ದೂರದರ್ಶಕಕ್ಕೆ ಆ ನಾಜೂಕು ಎಲ್ಲಿಂದ ಬರಬೇಕು? ಸೀಳನ್ನೇ ಕೈಬಿಟ್ಟು ಪುಟ್ಟ ಮಸೂರಗಳನ್ನು ಜೇನುಗೂಡಿನಂತೆ ಜೋಡಿಸಿದರು. 28 ಆರ್ಕ್‌ಸೆಕೆಂಡ್ ಅಗಲದ ಆ ಕಿಂಡಿಯಲ್ಲಿ ಚುಕ್ಕಿ ಎಲ್ಲಿ ಬಿದ್ದರೂ ರೋಹಿತ ಸಿಗುತ್ತದೆ.

2018ರಲ್ಲಿ 48 ಇಂಚಿನದರ ಹೊಸ ಕ್ಯಾಮೆರಾ, ಝಡ್‌ಟಿಎಫ್, ಸಮೀಕ್ಷೆ ಆರಂಭಿಸಿತು. 2024ರ ಕೊನೆಗೆ ಅದು ಹಿಡಿದು, ಜಾತಿ ಗೊತ್ತಾದ ಸೂಪರ್‌ನೋವಾಗಳು 10,000 ದಾಟಿದವು. ಅದರಲ್ಲಿ ದೊಡ್ಡ ಪಾಲು ಈ ಮಂದಗಣ್ಣಿನದು.

ಮುಂದಿನ ಸಲ ಪ್ರಶಸ್ತಿ ಬಂದಾಗಲೂ ಯಾರ ತಮ್ಮ ಎಂದು ಬರೆಯಿರಿ, ಬೇಡವೆನ್ನುವುದಿಲ್ಲ. ಆ 60 ಇಂಚಿನದಕ್ಕೂ ಒಂದು ಸಾಲು ಇರಲಿ.