ಕಾಲು ಉಳುಕಿದಾಗ ತಿಕ್ಕಬೇಡಿ

ಬೆಂಗಳೂರು-ಹೈದರಾಬಾದ್ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಹೋಗುವಾಗ ಪೆರೇಸಂದ್ರ ಸಿಗುತ್ತದೆ. ಅಲ್ಲಿ ಹೊಲದ ಬದುವಿನ ಮೇಲೆ ನಡೆಯುವವರಿಗೂ, ನಮ್ಮ ಕರಾವಳಿಯಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲು ಇಳಿಯುವವರಿಗೂ ಕಾಲು ಉಳುಕುವ ಭಯ ಒಂದೇ. ಉಳುಕಿದ ಕೂಡಲೇ ಮನೆಯವರು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ಸಾಮಾನ್ಯ. ಪ್ರೀತಿಯಿಂದಲೇ ತಿಕ್ಕುತ್ತಾರೆ, ಆದರೆ ಅದರಿಂದ ಬಾವು ಹೆಚ್ಚುತ್ತದೆ.

ಪಾದ ಒಳಮಗ್ಗುಲಿಗೆ ಮಡಚಿಕೊಂಡಾಗ ಕಾಲಿನ ಗಂಟಿನ ಹೊರಬದಿಯಲ್ಲಿರುವ ಲಿಗಮೆಂಟುಗಳು ಎಳೆಯಲ್ಪಡುತ್ತವೆ. ಎಲುಬಿಗೆ ಎಲುಬನ್ನು ಕಟ್ಟಿ ಹಿಡಿಯುವ ಗಟ್ಟಿ ನಾರುಗಳಿವು. ಬರೀ ಹಿಗ್ಗಿದ್ದರೆ ಒಂದೆರಡು ವಾರಗಳಲ್ಲಿ ನಡೆಯಬಹುದು. ಸ್ವಲ್ಪ ಹರಿದಿದ್ದರೆ ಮೂರರಿಂದ ಆರು ವಾರ, ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು.

ಎಲುಬು ಮುರಿದಿದೆಯೇ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೆ ಸರಳ ನಿಯಮ ಕೊಟ್ಟರು. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿಯೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಗಂಟಿನ ಎರಡೂ ಬದಿಯ ಎಲುಬಿನ ತುದಿ ಇಲ್ಲವೇ ಹಿಂಬದಿಯನ್ನು ಒತ್ತಿದಾಗ ನೋವಿದ್ದರೆ ಎಕ್ಸ್-ರೇ ಬೇಕು. ಪಾದದ ನಡುವಿನ ಒಳ ಅಂಚಿನಲ್ಲಿ, ಅಥವಾ ಹೊರ ಅಂಚಿನಲ್ಲಿ ಕಿರುಬೆರಳಿನ ಎಲುಬಿನ ಬುಡದಲ್ಲಿ ಒತ್ತಿದರೆ ನೋವಾದರೂ ಹಾಗೆಯೇ. ಬಾವು ದೊಡ್ಡದಿದೆ ಎಂಬ ಮಾತ್ರಕ್ಕೆ ಮುರಿದಿದೆ ಎಂದಲ್ಲ.

ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಕಡಿಮೆ ಮಾಡಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಎತ್ತರಿಸಿ ಇಡಿ. ಬೆರಳು ಜೋಮು ಹಿಡಿದರೆ ಪಟ್ಟಿ ಸಡಿಲಿಸಿ. ನೋವು ತಗ್ಗಲು ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಬಹುದು. ಐಸನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಅತಿಯಾದ ಐಸ್ ಗುಣವಾಗುವುದನ್ನು ತಡಮಾಡಬಹುದೆಂದು ಒಪ್ಪಿಕೊಂಡರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಐಸ್ ಬಳಸದಿರುವುದು ಒಳ್ಳೆಯದು.

ಹಾಗೆಂದು ವಾರಗಟ್ಟಲೆ ಮಂಚ ಹಿಡಿಯುವುದೂ ಸರಿಯಲ್ಲ. ನೋವು ತಾಳುವಷ್ಟರ ಮಟ್ಟಿಗೆ ಬೇಗನೆ ನಡೆಯಲು ಆರಂಭಿಸಬೇಕು. 2023ರ ವಿಶ್ವಕಪ್‌ನಲ್ಲಿ ಪುಣೆಯಲ್ಲಿ ಹಾರ್ದಿಕ್ ಪಾಂಡ್ಯ ಚೆಂಡನ್ನು ಕಾಲಿನಿಂದ ತಡೆಯಲು ಹೋಗಿ ಎಡಗಾಲಿನ ಗಂಟು ತಿರುಚಿಕೊಂಡದ್ದು ನೆನಪಿರಬಹುದು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಆರೈಕೆ ಪಡೆದರೂ ಅವರು ಆ ಟೂರ್ನಿಗೆ ಮರಳಲಿಲ್ಲ. ಅವರ ಜಾಗಕ್ಕೆ ನಮ್ಮ ಕರ್ನಾಟಕದ ಪ್ರಸಿದ್ಧ್ ಕೃಷ್ಣ ಬಂದರು. ಅಷ್ಟೆಲ್ಲ ಸೌಕರ್ಯವಿದ್ದವರಿಗೇ ಸಮಯ ಬೇಕಾದರೆ, ಮೂರನೇ ದಿನಕ್ಕೆ ತೆಂಗಿನ ಮರ ಹತ್ತುವ ನಮ್ಮವರ ಧೈರ್ಯಕ್ಕೆ ಏನನ್ನೋಣ!

ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಹೆಚ್ಚು. ಲಿಗಮೆಂಟಿನ ಜೊತೆ ಸಮತೋಲನದ ಅರಿವೂ ಕುಂದಿರುತ್ತದೆ. ನೋವು ಇಳಿದ ಮೇಲೆ ದಿನಾ ಗೋಡೆಯ ಪಕ್ಕದಲ್ಲಿ ಆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ. ಅಭ್ಯಾಸವಾದಂತೆ ಕಣ್ಣು ಮುಚ್ಚಿ ನಿಲ್ಲಿ. ಇದನ್ನು ಕೆಲವು ವಾರ ಬಿಡದೆ ಮಾಡಬೇಕು. ಹಲ್ಲುಜ್ಜುವಾಗ ಮಾಡಿದರೂ ಸಾಕು.