ಮಲಗಿದ ಕಂಪ್ಯೂಟರನ್ನು ಎಬ್ಬಿಸುವ ‘ಇಲಿ’: ಆ ಟಿಕ್ ಹಾಕಿದ್ದು ಯಾರು?

ಕುಂದಗೋಳದ ನಮ್ಮ ಕಾಕಾನ ಮನೆ ರೈಲು ಹಳಿಯಿಂದ ದೂರವೇನಿಲ್ಲ. ಹುಬ್ಬಳ್ಳಿ-ಬೆಂಗಳೂರು ಮಾರ್ಗದಲ್ಲಿ ರಾತ್ರಿ ಗೂಡ್ಸ್ ಗಾಡಿ ಹಾದು ಹೋದ್ರೆ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ಸದ್ದು ಮಾಡ್ತವೆ. ಆ ಮನೆಯಲ್ಲೊಂದು ಹಳೇ ಡೆಸ್ಕ್‌ಟಾಪ್ ಇದೆ. ಕಾಕಾನ ಮಗಳು ಬಿ.ಎಡ್ ಓದ್ತಾ, ಊರಿನವರ ಅರ್ಜಿ, ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ ಟೈಪ್ ಮಾಡಿಕೊಟ್ಟು ತನ್ನ ಫೀ ಹೊಂದಿಸಿಕೊಳ್ಳೋದು ಅದರಲ್ಲೇ.

ಹೋದ ಸಲ ಊರಿಗೆ ಹೋದಾಗ ಅವಳದ್ದು ಒಂದೇ ದೂರು. “ಅಣ್ಣಾ, ರಾತ್ರಿ ಸ್ಲೀಪ್‌ಗೆ ಹಾಕಿ ಮಲಗ್ತೀನಿ. ಮುಂಜಾನೆ ಎದ್ದು ನೋಡಿದ್ರ ಚಾಲೂನ ಇರ್ತೈತಿ. ಮೊನ್ನೆ ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ, ಸೇವ್ ಮಾಡದ ಹದಿನಾಲ್ಕು ಪುಟ ಹೋದ್ವು.”

ಚಿಗವ್ವ ಒಳಗಿಂದಲೇ ತೀರ್ಪು ಕೊಟ್ರು: “ಇಲಿ ಅಡ್ಡಾಡಿರ್ಬೇಕು ತಗೋ.”

ಚಿಗವ್ವ ಹೇಳಿದ್ದು ನಿಜವೇ ಆಗಿತ್ತು. ಇಲಿ ಮಾತ್ರ ಬೇರೆ.

ಕಂಪ್ಯೂಟರ್ ನಿದ್ದೆ ಅಂದ್ರೆ ಏನು?

ಸ್ಲೀಪ್ ಅಂದ್ರೆ ಬಂದ್ ಆಗೋದಲ್ಲ. ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲ ಸುಮ್ಮನಾಗ್ತವೆ. ಆದರೆ ರ‍್ಯಾಮ್‌ಗೆ ಮಾತ್ರ ಸ್ವಲ್ಪ ಕರೆಂಟ್ ಹೋಗ್ತಾ ಇರುತ್ತೆ. ನೀವು ಅರ್ಧಕ್ಕೆ ಬಿಟ್ಟ ಕೆಲಸ ಉಳಿದಿರೋದು ಅಲ್ಲೇ. ಆ ಕರೆಂಟ್ ಪೂರ್ತಿ ನಿಂತರೆ ಅದೂ ಹೋಯ್ತು. ಹೈಬರ್ನೇಟ್ ಬೇರೆ: ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಬಂದ್ ಆಗುತ್ತೆ. ಆಮೇಲೆ ಕರೆಂಟ್ ಹೋದ್ರೂ ಚಿಂತೆಯಿಲ್ಲ.

ಯಂತ್ರ ಹೇಗೆ ಮಲಗಬೇಕು, ಯಾರು ಎಬ್ಬಿಸಬಹುದು ಅನ್ನೋದಕ್ಕೆ ಎಸಿಪಿಐ ಎಂಬ ನಿಯಮಾವಳಿ ಇದೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ತಂದಿದ್ದು. ಇನ್ನು ಯುಎಸ್‌ಬಿ ನಿಯಮದಲ್ಲಿ ‘ರಿಮೋಟ್ ವೇಕಪ್’ ಅಂತ ಒಂದು ಅವಕಾಶ ಇದೆ. ಕಂಪ್ಯೂಟರ್ ಮಲಗಿದಾಗಲೂ ಮೌಸ್ ಅರೆನಿದ್ದೆಯಲ್ಲಿ ಕಾವಲು ಕಾಯ್ತಾ, ಏನಾದ್ರೂ ಅಲುಗಾಡಿದ್ರೆ ತಂತಿಯ ಮೇಲೆ ‘ಏಳು’ ಅಂತ ಸಂಕೇತ ಕಳಿಸಬಹುದು.

ಇವತ್ತಿನ ಮೌಸ್‌ನ ಹೊಟ್ಟೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಬಳಕೆಯಲ್ಲಿರುವಾಗ ಅದು ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು, ಒಂದಕ್ಕೊಂದು ಹೋಲಿಸಿ, ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತೆ. ಮಲಗಿದಾಗ ಕೆಲಸ ಕಡಿಮೆ, ಆದರೆ ಪೂರ್ತಿ ನಿಲ್ಲಲ್ಲ. ಕೆಲವು ಮೌಸ್ ಬಟನ್ ಒತ್ತಿದ್ರೆ ಮಾತ್ರ ಎಬ್ಬಿಸ್ತವೆ. ಇನ್ನು ಕೆಲವಕ್ಕೆ ಟೇಬಲ್ ನಡುಗಿದ್ರೂ ಸಾಕು.

ಮುಖ್ಯವಾದ ಸಂಗತಿ ಇನ್ನೊಂದಿದೆ. ವಿಂಡೋಸ್ ತಾನೇ ಅಲಾರಂ ಇಟ್ಕೊಂಡು ಎದ್ದರೆ, ಯಾರೂ ಇಲ್ಲ ಅಂತ ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಮತ್ತೆ ಮಲಗುತ್ತೆ. ಮೌಸ್ ಎಬ್ಬಿಸಿದ್ರೆ ‘ಮನುಷ್ಯರು ಬಂದಿದ್ದಾರೆ’ ಅಂತ ತಿಳ್ಕೊಳ್ಳುತ್ತೆ. ನೀವು ಸೆಟ್ ಮಾಡಿದ ಪೂರ್ತಿ ಅವಧಿ ಎದ್ದೇ ಇರುತ್ತೆ. ನನ್ನ ತಂಗಿ ಅಲ್ಲಿ ‘ನೆವರ್’ ಅಂತ ಇಟ್ಟಿದ್ಲು.

ಮೊದಲು ತನಿಖೆ, ಆಮೇಲೆ ಶಿಕ್ಷೆ

ಅನುಮಾನದ ಮೇಲೆ ಮೌಸನ್ನು ಹಿಡಿಯೋದು ಬೇಡ. ವಿಂಡೋಸ್ ಅಪ್‌ಡೇಟ್‌ನ ಟೈಮರ್, ನೆಟ್‌ವರ್ಕ್ ಕಾರ್ಡ್ ಕೂಡ ಯಂತ್ರವನ್ನು ಎಬ್ಬಿಸಬಲ್ಲವು. ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಅಂತ ತೆರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ‘ಪವರ್‌ಸಿಎಫ್‌ಜಿ’ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಅದಕ್ಕೆ ಅಂಟಿಸಿ ‘ಲಾಸ್ಟ್‌ವೇಕ್’ ಅಂತ ಕೊಡಿ. ಕಡೇ ಸಲ ಎಬ್ಬಿಸಿದ್ದು ಯಾರು ಅಂತ ಹೇಳುತ್ತೆ. ಹಲವು ಸಲ ಮೌಸ್ ಹೆಸರು ಬರಲ್ಲ, ಬರೀ ‘ಯುಎಸ್‌ಬಿ ಕಂಟ್ರೋಲರ್’ ಅಂತ ಬರುತ್ತೆ. ನಮಗೂ ಅದೇ ಬಂತು.

ಆಗ ಹಳ್ಳಿ ಪರೀಕ್ಷೆ. ಎರಡು ರಾತ್ರಿ ಮೌಸ್ ಕಿತ್ತಿಟ್ಟು ನೋಡಿದ್ವಿ, ಕಂಪ್ಯೂಟರ್ ಏಳಲಿಲ್ಲ. ಮೂರನೇ ರಾತ್ರಿ ಮೌಸ್ ಹಾಕಿ, ಸ್ಲೀಪ್‌ಗೆ ಬಿಟ್ಟು, ದೀಪ ಆರಿಸಿ ಕೂತ್ವಿ. ಗೂಡ್ಸ್ ಗಾಡಿ ಬಂತು. ಒಂದು ಕಾಲು ಗಿಡ್ಡ ಇರೋ ಟೇಬಲ್ ಸಣ್ಣಗೆ ಅದುರಿತು. ಪರದೆ ಬೆಳಗಿತು. ಪರದೆ ಮೇಲೆ ಯಾರದ್ದೋ ಅರ್ಜಿ, ಅದರ ಮೇಲೆ ಆಧಾರ್ ಸಂಖ್ಯೆ, ಮೊಬೈಲ್ ನಂಬರ್. ಪಾಸ್‌ವರ್ಡೂ ಕೇಳಲಿಲ್ಲ.

ಟಿಕ್ ತೆಗೆಯೋದು ಹೇಗೆ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಮೈಸ್ ಆ್ಯಂಡ್ ಅದರ್ ಪಾಯಿಂಟಿಂಗ್ ಡಿವೈಸಸ್’ ಅಡಿಯಲ್ಲಿ ನಿಮ್ಮ ಮೌಸ್ ಮೇಲೆ ಡಬಲ್ ಕ್ಲಿಕ್ ಮಾಡಿ. ‘ಪವರ್ ಮ್ಯಾನೇಜ್‌ಮೆಂಟ್’ ಟ್ಯಾಬ್‌ನಲ್ಲಿ ‘ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್’ ಮುಂದಿನ ಟಿಕ್ ತೆಗೆದು ಓಕೆ ಕೊಡಿ. ಅಷ್ಟೇ.

ಪಟ್ಟಿಯಲ್ಲಿ ಎರಡು ಮೂರು ಮೌಸ್ ಕಂಡ್ರೆ ಎಲ್ಲದರದ್ದೂ ತೆಗೀರಿ. ವೈರ್‌ಲೆಸ್ ಮೌಸ್‌ನ ರಿಸೀವರ್ ಕೆಲವು ಸಲ ಕೀಬೋರ್ಡ್ ಪಟ್ಟಿಯಲ್ಲೂ ಕೂತಿರುತ್ತೆ. ನಿಜವಾದ ಕೀಬೋರ್ಡಿನ ಟಿಕ್ ಹಾಗೇ ಇರಲಿ, ಎಬ್ಬಿಸೋಕೆ ಬೇಕಲ್ಲ. ಅದೂ ಇಲ್ಲದಿದ್ರೆ ಪವರ್ ಬಟನ್ ಇದ್ದೇ ಇದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬೇ ಇರಲ್ಲ. ಅಂಥ ಕಡೆ ರಾತ್ರಿ ಹೈಬರ್ನೇಟ್ ಮಾಡಿ, ಅಥವಾ ವೈರ್‌ಲೆಸ್ ಮೌಸ್‌ನ ತಳದ ಸ್ವಿಚ್ ಆಫ್ ಮಾಡಿ.

ಲಿನಕ್ಸ್ ಬಳಸೋರಿಗೆ: ಆಯಾ ಯುಎಸ್‌ಬಿ ಸಾಧನದ ‘ವೇಕಪ್’ ಕಡತದಲ್ಲಿ ‘ಡಿಸೇಬಲ್ಡ್’ ಅಂತ ಬರೆದರೆ ಆಯ್ತು. ಆದರೆ ರೀಸ್ಟಾರ್ಟ್ ಆದ್ರೆ ಅದು ಅಳಿಸಿಹೋಗುತ್ತೆ, ಕಾಯಂ ಆಗಬೇಕಂದ್ರೆ ಯುಡೆವ್ ನಿಯಮ ಬರೀಬೇಕು.

ಸಣ್ಣ ವಿಷಯ ಅನ್ನೋರಿಗೆ ಒಂದು ಲೆಕ್ಕ

ಎದ್ದಿರೋ ಹಳೇ ಡೆಸ್ಕ್‌ಟಾಪ್ ಸುಮಾರು 60 ವ್ಯಾಟ್ ತಿನ್ನುತ್ತೆ ಅಂತಿಟ್ಟುಕೊಳ್ಳಿ. ರಾತ್ರಿ 8 ಗಂಟೆಗೆ 480 ವ್ಯಾಟ್-ಅವರ್, ಅಂದ್ರೆ ಹತ್ತಿರ ಹತ್ತಿರ ಅರ್ಧ ಯೂನಿಟ್. 30 ರಾತ್ರಿಗೆ 14 ಯೂನಿಟ್ ದಾಟುತ್ತೆ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಎಲ್ಲರಿಗೂ ಸೀದಾ 200 ಯೂನಿಟ್ ಉಚಿತ ಇಲ್ಲ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಸಾಮಾನ್ಯವಾಗಿ ಶೇ. 10, ಇಷ್ಟಕ್ಕೆ ಮಾತ್ರ. ಸರಾಸರಿ 60 ಇದ್ದ ಮನೆಗೆ 66 ಯೂನಿಟ್ ಉಚಿತ. ಆ ಮನೆ ಈಗಲೂ 60 ಯೂನಿಟ್ಟೇ ಬಳಸ್ತಿದ್ರೂ, ಈ 14 ಸೇರಿದ್ರೆ 74 ಆಗುತ್ತೆ. ಮೇಲಿನ 8 ಯೂನಿಟ್‌ಗೆ ಹೆಸ್ಕಾಂ ಬಿಲ್ ಬರುತ್ತೆ. ಯಾರೂ ಕೂತು ಕೆಲಸ ಮಾಡದ ಕಂಪ್ಯೂಟರ್‌ಗೆ.

ಆ ಟಿಕ್ ಮೊದಲು ಯಾರು ಹಾಕಿದ್ರು?

ಇದು ನನ್ನ ಪ್ರಶ್ನೆ ಅಲ್ಲ, ತಂಗಿಯದ್ದು. “ನಾ ಅಂತೂ ಹಾಕಿಲ್ಲಣ್ಣ.” ನಿಜ, ಅವಳು ಹಾಕಿರಲಿಲ್ಲ. ಡೆಸ್ಕ್‌ಟಾಪ್ ಮೌಸ್‌ಗೆ ಅದು ಸಾಮಾನ್ಯವಾಗಿ ಮೊದಲೇ ಹಾಕಿ ಬಂದಿರುತ್ತೆ. ಡಿಫಾಲ್ಟ್. ಗಟ್ಟಿ ಟೇಬಲ್, ಕೈಕೊಡದ ಕರೆಂಟ್ ಇರೋ ಆಫೀಸಿನವರಿಗೆ ಮೌಸ್ ಅಲ್ಲಾಡಿಸಿದ ಕೂಡಲೇ ಎದ್ದರೆ ಅನುಕೂಲವೇ. ಅವರನ್ನು ನೆನೆಸಿಕೊಂಡು ಮಾಡಿದ ತೀರ್ಮಾನ ಅದು. ಹಳಿ ಪಕ್ಕದ ಮನೆ, ಕುಂಟು ಟೇಬಲ್, ದುರ್ಬಲ ಯುಪಿಎಸ್ ಆ ಲೆಕ್ಕದಲ್ಲಿ ಇರಲಿಲ್ಲ.

ಇದು ಮೌಸ್‌ಗೆ ಮುಗಿಯೋ ಮಾತಲ್ಲ. ಆ್ಯಪ್ ಹಾಕ್ಕೊಳ್ಳುವಾಗ ಮೊದಲೇ ‘ಒಪ್ಪಿಗೆ’ ಟಿಕ್ ಆಗಿರೋದು ಇದೇ ಜಾತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಅಂದ್ರೆ ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು ಅನ್ನುತ್ತೆ. ನೀವು ಸುಮ್ಮನಿದ್ದಿರಿ ಅನ್ನೋದು ಒಪ್ಪಿಗೆಯಲ್ಲ. ಆದರೆ ಕಾಯ್ದೆಯಲ್ಲಿ ಇರೋದನ್ನು ಕೇಳಿ ಪಡೆಯೋಕೆ, ಮೊದಲು ಟಿಕ್ ಎಲ್ಲಿದೆ ಅಂತ ಗೊತ್ತಿರಬೇಕು. ನಾಲ್ಕು ಕಿಟಕಿ ದಾಟಿ, ಇಂಗ್ಲಿಷ್‌ನಲ್ಲಿ ಅಡಗಿರೋ ಒಂದು ಚೌಕ ಹುಡುಕೋದು ಎಲ್ಲರಿಗೂ ಆಗೋ ಕೆಲಸ ಅಲ್ಲ.

ಆ ರಾತ್ರಿ ಮೂರು ಕೆಲಸ ಮಾಡಿದ್ವಿ. ಮೌಸ್‌ನ ಟಿಕ್ ತೆಗೆದ್ವಿ. ಎದ್ದ ಕೂಡಲೇ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿದ್ವಿ, ಅರ್ಜಿ ಕೊಟ್ಟವರ ಆಧಾರ್ ಯಾರ ಕಣ್ಣಿಗೂ ಬೀಳಬಾರದಲ್ಲ. ‘ನೆವರ್’ ಇದ್ದದ್ದನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ವಿ. ನಾಲ್ಕನೆಯದನ್ನು ಚಿಗವ್ವ ಮಾಡಿದ್ರು: ಟೇಬಲ್ಲಿನ ಗಿಡ್ಡ ಕಾಲಿಗೆ ಒಂದು ಹಂಚಿನ ಚೂರು ಕೊಟ್ಟರು.

ಮರುವಾರ ತಂಗಿ ಫೋನ್ ಮಾಡಿದ್ಲು. ಕಂಪ್ಯೂಟರ್ ಮಲಗ್ತಿದೆಯಂತೆ. ಈಗ ಓಣಿಯ ಇನ್ನೆರಡು ಮನೆಯವರು ತಮ್ಮದನ್ನೂ ನೋಡು ಅಂತ ಕರೆದಿದ್ದಾರಂತೆ. “ಹೋಗಿ ಮೊದಲ ಟಿಕ್ ಎಲ್ಲೆಲ್ಲಿ ಅದಾವು ನೋಡ್ತೀನಿ ಅಣ್ಣಾ” ಅಂದ್ಲು.